ಕಾರ್ನೆಲಿಯಾ ಪಾರ್ಕರ್ ಅವರ ಕಲೆಯಲ್ಲಿ ಹಾಸ್ಯ ಎಲ್ಲಿದೆ?

ಬ್ರಿಟನ್ನಿನ ಕಾರ್ನೆಲಿಯಾ ಪಾರ್ಕರ್ ಹಾಸ್ಯಪ್ರಜ್ಞೆಯ ಕಲಾವಿದೆ ಅಂತ ಎಲ್ಲೋ ಓದಿದ್ದೀರಿ, ಆದರೆ ಫೋಟೊಗಳಲ್ಲಿ ಬರೀ ಮುರಿದ ಸಾಮಾನು ತೂಗುಹಾಕಿದಂತೆ ಕಾಣುತ್ತದೆ, ನಗುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಫೋಟೊ ಮಾತ್ರ ನೋಡಿದರೆ ನಗು ಸಿಗೋದು ಕಷ್ಟ. ಆ ಸಾಮಾನಿಗೆ ಏನಾಯಿತು ಅನ್ನೋ ಕಥೆಯಲ್ಲಿ ಅದು ಇದೆ, ಪಾರ್ಕರ್ ಆ ಕಥೆಯನ್ನೂ ಕೃತಿಯ ಭಾಗವಾಗಿಯೇ ಇಡುತ್ತಾರೆ.

ನೀವು ನೋಡಿದ್ದು 1991ರ ‘ಕೋಲ್ಡ್ ಡಾರ್ಕ್ ಮ್ಯಾಟರ್’ ಇರಬೇಕು. ಇಂಗ್ಲೆಂಡಿನ ಮನೆಗಳ ಹಿತ್ತಲಲ್ಲಿ ಒಂದು ಮರದ ಶೆಡ್ ಇರುತ್ತದೆ, ನಮ್ಮ ಅಟ್ಟ ಇದ್ದ ಹಾಗೆ: ಬೇಕಾಗಿಲ್ಲ, ಬಿಸಾಡಲು ಮನಸ್ಸೂ ಇಲ್ಲ ಅನ್ನೋದೆಲ್ಲ ಅಲ್ಲಿಗೆ. ಪಾರ್ಕರ್ ಅಂಥದ್ದೊಂದು ಶೆಡ್‌ನಲ್ಲಿ ಆಟಿಕೆ, ಹತಾರ, ಸೈಕಲ್, ಪುಸ್ತಕ ತುಂಬಿದರು. ಕೆಲವನ್ನು ಸ್ನೇಹಿತರು ಕೊಟ್ಟಿದ್ದರು, ಕೆಲವು ಕಾರಿನ ಡಿಕ್ಕಿ ತೆರೆದಿಟ್ಟು ಹಳೇ ಸಾಮಾನು ಮಾರುವ ಸಂತೆಗಳಲ್ಲಿ ಸಿಕ್ಕಿದ್ದವು. ಆಮೇಲೆ ಹೋಗಿ ಬ್ರಿಟಿಷ್ ಸೈನ್ಯವನ್ನು ಕೇಳಿಕೊಂಡರು, ಇದನ್ನು ಸಿಡಿಸಿಕೊಡಿ ಅಂತ. ಸೈನ್ಯ ಒಪ್ಪಿತು! ಮದ್ದುಗುಂಡಿನ ತರಬೇತಿ ಶಾಲೆಯವರು ಸ್ಫೋಟಕ ಇಟ್ಟು ಶೆಡ್ ಹಾರಿಸಿದರು. ಹರಿದ ಬೂಟು, ಸೊಟ್ಟಗಾದ ತಗಡು, ಸುಟ್ಟ ಹಲಗೆ ಎಲ್ಲವನ್ನೂ ಹೆಕ್ಕಿ ತಂದು ತಂತಿಗಳಲ್ಲಿ ತೂಗುಹಾಕಿ, ನಡುವೆ ಒಂದೇ ಒಂದು ಬಲ್ಬು ಹಚ್ಚಿದರು.

ಹಿತ್ತಲ ಗುಜರಿಯ ಮೇಲೆ ಸೈನ್ಯದ ದಾಳಿ ಅಂದಾಗ ಮೊದಲು ನಗು ಬರುತ್ತದೆ. ಆದರೆ ಅದು ಐಆರ್‌ಎ (ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು) ಇಟ್ಟ ಬಾಂಬ್‌ಗಳ ಸುದ್ದಿ ಬ್ರಿಟನ್ನಿನ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಕಾಲ. ಮಕ್ಕಳ ಆಟಿಕೆಯೊಂದು ಸುಟ್ಟು ತೂಗುತ್ತಿರುವುದನ್ನು ನೋಡುವಾಗ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಎರಡೂ ಒಟ್ಟಿಗೆ ಆಗೋದೇ ಪಾರ್ಕರ್ ಅವರ ದೊಡ್ಡ ಶಕ್ತಿ ಅಂತ ನಾನು ನಂಬುತ್ತೇನೆ.

ಕಾರ್ಟೂನ್‌ಗಳಲ್ಲಿ ಪಾತ್ರಗಳು ಸಾಯುವ ರೀತಿಯೇ ತಮಗೆ ಪ್ರೇರಣೆ ಅಂತ ಅವರೇ ಹೇಳಿದ್ದಾರೆ. ಚಪ್ಪಟೆಯಾಗೋದು, ಸಿಡಿಯೋದು, ಬಂಡೆಯಿಂದ ಬೀಳೋದು, ಮುಂದಿನ ದೃಶ್ಯದಲ್ಲಿ ಮತ್ತೆ ಎದ್ದು ಓಡೋದು. ಚಿಕ್ಕಂದಿನಲ್ಲಿ ರೈಲು ಹಳಿಯ ಮೇಲೆ ನಾಣ್ಯ ಇಟ್ಟು ಚಪ್ಪಟೆ ಮಾಡುತ್ತಿದ್ದರಂತೆ. ಹಳಿ ಹತ್ತಿರ ಬೆಳೆದ ನಮ್ಮ ಎಷ್ಟೋ ಜನರಿಗೂ ಆ ಖುಷಿ ಗೊತ್ತು. ‘ಥರ್ಟಿ ಪೀಸಸ್ ಆಫ್ ಸಿಲ್ವರ್’ (1988–89) ಕೃತಿಗಾಗಿ ಸಾವಿರಕ್ಕೂ ಹೆಚ್ಚು ಬೆಳ್ಳಿ ಲೇಪದ ಟೀ ಪಾಟ್, ಚಮಚ, ಮೇಣದ ದೀಪದ ಕಂಬಗಳನ್ನು ದಾರಿಯಲ್ಲಿ ಸಾಲಾಗಿ ಇಟ್ಟು ಅವುಗಳ ಮೇಲೆ ರೋಡ್ ರೋಲರ್ ಓಡಿಸಿದರು. ಜಂಬದ ಮದುವೆ ಉಡುಗೊರೆಗಳಿಗೆ ಆದ ಗತಿ ನೋಡಿ! ಆದರೆ ಆ ಹೆಸರು, ಯೇಸುವಿಗೆ ದ್ರೋಹ ಬಗೆಯಲು ಯೂದನು ಪಡೆದ 30 ಬೆಳ್ಳಿ ನಾಣ್ಯಗಳದ್ದು. ಚಪ್ಪಟೆಯಾದದ್ದನ್ನೆಲ್ಲ 30 ಗುಂಪು ಮಾಡಿ, ನೆಲಕ್ಕೆ ಇನ್ನೇನು ತಾಗಬೇಕು ಅನ್ನೋ ಎತ್ತರದಲ್ಲಿ ತೂಗುಹಾಕಿದ್ದಾರೆ.

2001ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗಾಗಿ ಹಳೇ ಬ್ಯಾಂಡ್ ವಾದ್ಯಗಳನ್ನು ಚಪ್ಪಟೆ ಮಾಡಿದರು. ಈ ಸಲ ಬಳಸಿದ್ದು ಲಂಡನ್ನಿನ ಟವರ್ ಬ್ರಿಡ್ಜ್ ಸೇತುವೆಯನ್ನು ಎತ್ತುವ ಹೈಡ್ರಾಲಿಕ್ ಯಂತ್ರ. ಕೃತಿಯ ಹೆಸರು ‘ಬ್ರೆತ್‌ಲೆಸ್’, ಉಸಿರಿಲ್ಲದ್ದು. ಬ್ರಿಟಿಷ್ ಸಾಮ್ರಾಜ್ಯದ ಮೆರವಣಿಗೆಗಳಲ್ಲಿ ಮೊಳಗಿದಂಥ ತುತ್ತೂರಿಗಳನ್ನು ಆ ಸಾಮ್ರಾಜ್ಯದ ರಾಜಧಾನಿಯ ಸೇತುವೆಯೇ ಹಿಸುಕಿತು. ನನಗೆ ಇದು ಅವರ ಅತ್ಯಂತ ಚೂಪಾದ ಕೆಲಸ.

2003ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಕಲಾ ಮ್ಯೂಸಿಯಂನಲ್ಲಿ, ಫ್ರೆಂಚ್ ಶಿಲ್ಪಿ ರೋಡಾನ್ ಅವರ ಪ್ರಸಿದ್ಧ ‘ದಿ ಕಿಸ್’ (ಮುತ್ತಿಡುತ್ತಿರುವ ಪ್ರೇಮಿಗಳು) ಶಿಲ್ಪಕ್ಕೆ ಒಂದು ಮೈಲಿ ಹುರಿ ಸುತ್ತಿದ್ದು ನನ್ನನ್ನು ಅಷ್ಟು ಹಿಡಿಯಲಿಲ್ಲ. ಆದರೆ ಅದನ್ನು ವಿರೋಧಿಸಿ ಒಬ್ಬರು ಕತ್ತರಿ ತಂದು ಹುರಿ ಕತ್ತರಿಸಿದಾಗ, ಪಾರ್ಕರ್ ತುಂಡುಗಳನ್ನು ಗಂಟು ಹಾಕಿ ಮತ್ತೆ ಸುತ್ತಿದರು. ಆ ಗಂಟುಗಳಿಂದ ಕೃತಿ ಹೆಚ್ಚು ಚೆನ್ನಾಯಿತು ಅಂತಲೇ ನನ್ನ ಅಭಿಪ್ರಾಯ. ಜಗಳವಾಡಿ ರಾಜಿಯಾದ ಪ್ರೇಮಿಗಳ ಕಥೆ ಅದರೊಳಗೆ ತಾನಾಗಿ ಬಂತು.

ಹಾಗಾಗಿ ಅವರ ಯಾವುದೇ ಕೃತಿಯ ಮುಂದೆ ನಿಂತಾಗ ಪಕ್ಕದ ಫಲಕದಲ್ಲಿ ಏನೇನು ಬಳಸಿದ್ದಾರೆ ಅಂತ ಮೊದಲು ಓದಿ, ಆಮೇಲೆ ತಲೆಯೆತ್ತಿ ನೋಡಿ. ಶೆಡ್ ಟೇಟ್ ಸಂಗ್ರಹದಲ್ಲಿದೆ, ಆದರೆ ಸದಾ ಪ್ರದರ್ಶನದಲ್ಲಿ ಇರುವುದಿಲ್ಲ. ಲಂಡನ್ನಿಗೆ ಹೋಗುವುದಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.