ಅಥೆನ್ಸ್‌ನಲ್ಲಿ ಎರಡೇ ದಿನ: ಪ್ರಜಾಪ್ರಭುತ್ವ ಹುಟ್ಟಿದ ಜಾಗ ತೋರಿಸಲು ಅಕ್ರೊಪೊಲಿಸ್ ಒಂದೇ ಸಾಕೇ?

ಸಾಲದು. ಅಕ್ರೊಪೊಲಿಸ್ ಗುಡಿಗಳ ಬೆಟ್ಟ. ಜನ ಸೇರಿ ತೀರ್ಮಾನ ಮಾಡುತ್ತಿದ್ದದ್ದು ಅದರ ಪಶ್ಚಿಮಕ್ಕಿರುವ ಪ್ನಿಕ್ಸ್ ಗುಡ್ಡದ ಮೇಲೆ. ದಿನನಿತ್ಯದ ಆಡಳಿತ, ನ್ಯಾಯ, ವ್ಯಾಪಾರ ಎಲ್ಲ ಕೆಳಗಿನ ಅಗೋರಾದಲ್ಲಿ. ಜೂನ್ ತಿಂಗಳು, 9 ಮತ್ತು 13 ವರ್ಷದ ಮಕ್ಕಳು, ಮಂಡಿನೋವಿನ ಅತ್ತೆ ಜೊತೆಗೆ ಎಂದಿದ್ದೀರಿ. ಹಾಗಾದರೆ ಮೊದಲ ದಿನ ಬೆಳಿಗ್ಗೆ ಅಗೋರಾ, ಸಂಜೆ ಪ್ನಿಕ್ಸ್. ಮರುದಿನ ಬೆಳಿಗ್ಗೆ ಅಕ್ರೊಪೊಲಿಸ್.

ಮೊನಾಸ್ತಿರಾಕಿ ಮೆಟ್ರೊ ನಿಲ್ದಾಣದಿಂದ ಅಗೋರಾಕ್ಕೆ ನಡೆದೇ ಹೋಗಬಹುದು. ಒಳಗೆ ಹೋದವರೆಲ್ಲ ನೇರ ಬಯಲಿಗೆ ಇಳಿಯುತ್ತಾರೆ. ಅಲ್ಲಿರುವುದು ಬಹುಪಾಲು ಅಡಿಪಾಯ, ಹತ್ತೇ ನಿಮಿಷದಲ್ಲಿ ಮಕ್ಕಳಿಗೆ ಬೇಸರ ಬರುತ್ತದೆ. ನೀವು ಮೊದಲು ಆಟಲಸ್‌ನ ಸ್ಟೋವಾಕ್ಕೆ ಹೋಗಿ. 1950ರ ದಶಕದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ಉದ್ದನೆಯ ಕಂಬಸಾಲಿನ ಕಟ್ಟಡವದು, ಒಳಗೇ ಮ್ಯೂಸಿಯಂ ಇದೆ. ನೆರಳಿದೆ, ಅತ್ತೆಯವರು ಕೂತು ಸುಧಾರಿಸಿಕೊಳ್ಳಬಹುದು.

ಅಲ್ಲಿ ದೊಡ್ಡ ಶಿಲ್ಪಗಳಿಗಿಂತ ಸಣ್ಣ ವಸ್ತುಗಳನ್ನು ಹುಡುಕಿ. ಸಾಲುಸಾಲು ಸೀಳುಗಳಿರುವ ಒಂದು ಕಲ್ಲಿನ ತುಂಡು ಇದೆ, ಹೆಸರು ಕ್ಲೆರೊಟೀರಿಯನ್. ಇದು ಚೀಟಿ ಎತ್ತುವ ಯಂತ್ರ. ನ್ಯಾಯಮಂಡಳಿಗೆ ಕೂರಲು ಬಂದವರ ಹೆಸರು ಬರೆದ ಸಣ್ಣ ಫಲಕಗಳನ್ನು ಸೀಳುಗಳಿಗೆ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಯೊಳಗೆ ಕಪ್ಪು, ಬಿಳಿ ಗುಂಡುಗಳನ್ನು ಸುರಿದು ಒಂದೊಂದಾಗಿ ಬಿಡುವುದು. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಆ ದಿನದ ನ್ಯಾಯಾಧೀಶರು, ಕಪ್ಪು ಬಿದ್ದರೆ ಸಾಲು ಪೂರ್ತಿ ಮನೆಗೆ. ಯಾರು ಕೂರುತ್ತಾರೆಂದು ಮೊದಲೇ ಗೊತ್ತಾಗದ ಮೇಲೆ ಲಂಚ ಕೊಡುವುದು ಯಾರಿಗೆ?

ಅವರು ಮತ ಹಾಕುತ್ತಿದ್ದ ಕಂಚಿನ ಬಿಲ್ಲೆಗಳೂ ಅಲ್ಲೇ ಇವೆ. ನಡುವಿನ ಕಡ್ಡಿ ಟೊಳ್ಳಾಗಿದ್ದರೆ ಆರೋಪಿಯ ವಿರುದ್ಧ, ಗಟ್ಟಿಯಾಗಿದ್ದರೆ ಪರ. ಕಡ್ಡಿಯ ಎರಡು ತುದಿಯನ್ನೂ ಹೆಬ್ಬೆರಳು, ತೋರುಬೆರಳಿನಿಂದ ಮುಚ್ಚಿ ಹಿಡಿದರೆ ಪಕ್ಕದವನಿಗೂ ಗುಟ್ಟು ತಿಳಿಯದು. ಗುಪ್ತ ಮತದಾನ ಎಂದರೇನೆಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ವಸ್ತು ನನಗೆ ಗೊತ್ತಿಲ್ಲ. ವಾದಕ್ಕೆ ಸಮಯ ಅಳೆಯುತ್ತಿದ್ದ ಮಣ್ಣಿನ ನೀರ್ಗಡಿಯಾರವನ್ನೂ ತಪ್ಪಿಸಬೇಡಿ. ಸುಮಾರು 6.4 ಲೀಟರ್ ನೀರು ಆರು ನಿಮಿಷದಲ್ಲಿ ಖಾಲಿ, ಮಾತೂ ಅಲ್ಲಿಗೆ ಮುಗಿಯಿತು.

ಕುಂಟೆಬಿಲ್ಲೆಗೆ ಆರಿಸಿಕೊಳ್ಳುವಂಥ ಮಡಕೆ ಚೂರುಗಳ ಮೇಲೆ ಹೆಸರು ಗೀಚಿರುವುದು ಕಾಣುತ್ತದೆ. ವರ್ಷಕ್ಕೊಮ್ಮೆ, ಬೇಕೆಂದು ಸಭೆ ಒಪ್ಪಿದರೆ, 10 ವರ್ಷ ಊರು ಬಿಡಿಸಬೇಕಾದವನ ಹೆಸರನ್ನು ಹೀಗೆ ಬರೆದು ಹಾಕುತ್ತಿದ್ದರು. ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯೊಂದರಲ್ಲಿ ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲೀಸ್ ಹೆಸರಿನ ಸುಮಾರು 190 ಚೂರು ಸಿಕ್ಕಿವೆ, ಕೈಬರಹ ಮಾತ್ರ 14 ಜನರದ್ದು. ಹಂಚಲು ಮೊದಲೇ ಬರೆಸಿಟ್ಟ ಮತಗಳು! ದೊಡ್ಡ ಮಗುವಿಗೆ ಇದನ್ನು ಹೇಳಿ, ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತದೆ.

ಆಮೇಲೆ ಬಯಲಿಗೆ ಇಳಿದರೆ ಅಡಿಪಾಯಗಳಿಗೆ ಅರ್ಥ ಬರುತ್ತದೆ. ದುಂಡನೆಯ ಅಡಿಪಾಯ ಥೋಲೋಸ್. ಚೀಟಿಯಲ್ಲಿ ಆಯ್ಕೆಯಾದ 500 ಜನರ ಮಂಡಳಿಯಿಂದ ಸರದಿಯ 50 ಜನ ಇಲ್ಲಿ ಊಟ ಮಾಡುತ್ತಿದ್ದರು, ಕೆಲವರು ರಾತ್ರಿಯೂ ಇರುತ್ತಿದ್ದರು. ಅವರ ಅಧ್ಯಕ್ಷ ಒಂದೇ ದಿನಕ್ಕೆ. ಸುಧಾರಕ ಕ್ಲೈಸ್ತನೀಸ್ ಕ್ರಿ.ಪೂ. 508ರ ಸುಮಾರಿಗೆ ನಾಗರಿಕರನ್ನು 10 ಪಂಗಡ ಮಾಡಿದ್ದರಿಂದ ಈ ಲೆಕ್ಕ: ಪಂಗಡಕ್ಕೆ 50. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಇದರಲ್ಲಿಲ್ಲ. ಅದನ್ನೂ ಮಕ್ಕಳಿಗೆ ಅಲ್ಲೇ ಹೇಳಬೇಕು.

ಪ್ನಿಕ್ಸ್‌ಗೆ ಬಿಸಿಲು ಇಳಿದ ಮೇಲೆ ಹೋಗಿ. ಬಂಡೆಯಲ್ಲಿ ಕಡೆದ ಭಾಷಣದ ಕಟ್ಟೆ ತೋರಿಸಿ ಕ್ರಿ.ಪೂ. 5ನೇ ಶತಮಾನದ ನಾಯಕ ಪೆರಿಕ್ಲೀಸ್ ನಿಂತದ್ದು ಇಲ್ಲೇ ಎನ್ನುವವರು ಸಿಗುತ್ತಾರೆ. ಗುಡ್ಡ ಅದೇ, ಕಟ್ಟೆ ಅದಲ್ಲ. ಈಗ ಕಾಣುವುದು ಕ್ರಿ.ಪೂ. 4ನೇ ಶತಮಾನದ್ದು, ಪೆರಿಕ್ಲೀಸನ ಕಾಲದಲ್ಲಿ ಸಭಿಕರು ಇದಕ್ಕೆ ತದ್ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದರು. ಕೆಲವು ಮುಖ್ಯ ತೀರ್ಮಾನಗಳಿಗೆ 6,000 ಜನ ಬೇಕಿತ್ತು. ಖಾಲಿ ಇಳಿಜಾರು ನೋಡಿ ಆ ಗುಂಪನ್ನು ಊಹಿಸಿಕೊಳ್ಳಲಿ.

ಅಕ್ರೊಪೊಲಿಸ್ ಟಿಕೆಟ್ ಗಂಟೆ ಸಮೇತ ಮುಂಚೆಯೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ, ಬೆಳಿಗ್ಗೆ 8ರದ್ದೇ ತೆಗೆದುಕೊಳ್ಳಿ. ಬಿಸಿಗಾಳಿಯ ದಿನಗಳಲ್ಲಿ ಮಧ್ಯಾಹ್ನ 12ರಿಂದ 5ರವರೆಗೆ ಮುಚ್ಚಿದ್ದುಂಟು. ಸವೆದ ಅಮೃತಶಿಲೆ ಒಣಗಿದ್ದಾಗಲೂ ಜಾರುತ್ತದೆ. ಅತ್ತೆಯವರಿಗೆ ಸೀರೆಯ ಕೆಳಗೆ ಹಿಡಿತವಿರುವ ಶೂಗಳೇ ಇರಲಿ, ಚಪ್ಪಲಿ ಬೇಡ. ನಡೆಯಲು ಕಷ್ಟವಿರುವವರಿಗೆ ಉತ್ತರ ಬದಿಯಲ್ಲಿ ಲಿಫ್ಟ್ ಇದೆ, ಆದರೆ ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಅಂದೇ ಬೆಳಿಗ್ಗೆ ವಿಚಾರಿಸಿ ಹೊರಡಿ.