ಸಂಪಾದಕರ ಉತ್ತರ: ಮೊದಲು ಮಕ್ಕಳು ಮಾತಾಡಲಿ

ಓದುಗರೊಬ್ಬರ ಪತ್ರ: “ನಾವು ಆರು ಮಂದಿ ತಾಯಂದಿರು ಸೇರಿ, ಹತ್ತು–ಹನ್ನೊಂದು ವರ್ಷದ ನಮ್ಮ ಹೆಣ್ಣುಮಕ್ಕಳ ಜೊತೆ ತಿಂಗಳಿಗೊಮ್ಮೆ ಕೂಡುವ ಬುಕ್ ಕ್ಲಬ್ ಶುರು ಮಾಡಿದೆವು. ಮೊದಲೆರಡು ಸಲ ಎಲ್ಲರಿಗೂ ಹುರುಪಿತ್ತು. ಈಗ ಮಕ್ಕಳು ಬಾಯಿ ಬಿಡುವುದೇ ಇಲ್ಲ. ನಾವು ನಾವೇ ಮಾತಾಡಿಕೊಂಡು ಎದ್ದು ಬರುತ್ತೇವೆ. ಇಬ್ಬರು ಹುಡುಗಿಯರು ಪ್ರತಿ ಸಲವೂ ಪುಸ್ತಕ ಮುಗಿಸದೆ ಬರುತ್ತಾರೆ. ಮುಂದಿನ ಸಲಕ್ಕೆ ಆರಿಸಿರುವ ಕಾದಂಬರಿಯಲ್ಲಿ ಕಥಾನಾಯಕಿಯ ತಂಗಿ ತೀರಿಕೊಳ್ಳುತ್ತಾಳೆ. ಅದನ್ನು ಓದಿಸಬಹುದೇ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ.”

ನಿಮ್ಮ ಮಕ್ಕಳು ಸುಮ್ಮನಾದದ್ದಕ್ಕೆ ಪುಸ್ತಕಗಳನ್ನು ದೂರಬೇಡಿ. ಆ ಕೋಣೆಯ ಲೆಕ್ಕ ನೋಡಿ: ತರಗತಿಯಲ್ಲಿ ಒಬ್ಬರೇ ಟೀಚರ್ ಇರುತ್ತಾರೆ, ನಿಮ್ಮಲ್ಲಿ ಆರು ಮಂದಿ ದೊಡ್ಡವರಿದ್ದಾರೆ. ಅವರಲ್ಲಿ ಒಬ್ಬರು ಸ್ವಂತ ಅಮ್ಮ. ಇಲ್ಲಿ ಏನಾದರೂ ಎಡವಟ್ಟಾಗಿ ಹೇಳಿದರೆ ಮನೆಗೆ ಹೋದ ಮೇಲೂ ಅದೇ ಮಾತು ಮುಂದುವರಿಯುತ್ತದೆ ಎಂಬುದು ಆ ಹುಡುಗಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅಮ್ಮಂದಿರು ಪಾಠ ಹೇಳುವವರಾಗಿ ಬರದೆ, ಅದೇ ಪುಸ್ತಕ ಓದಿದ ಇನ್ನೊಬ್ಬ ಓದುಗಳಾಗಿ ಬರಬೇಕು. ಹೇಳುವುದು ಸುಲಭ, ಅಭ್ಯಾಸಕ್ಕೆ ಬರಲು ಕೆಲವು ಕಟ್ಟುಪಾಡು ಬೇಕೇ ಬೇಕು.

ಕೂರುವ ಜಾಗದಿಂದ ಶುರು ಮಾಡಿ. ಮಗಳು ಅಮ್ಮನ ಪಕ್ಕದಲ್ಲಿ ಕೂರಬಾರದು, ನೇರ ಎದುರಿನಲ್ಲೂ ಕೂರಬಾರದು. ಪಕ್ಕದಲ್ಲಿದ್ದರೆ ಮೊಣಕೈ ತಿವಿತ, ಎದುರಿಗಿದ್ದರೆ ಕಣ್ಸನ್ನೆ. ಒಂದೇ ಸಾಲಿನಲ್ಲಿ ನಡುವೆ ಇಬ್ಬರನ್ನು ಬಿಟ್ಟು ಕೂತರೆ ಇಬ್ಬರ ಮುಖವೂ ಇಬ್ಬರಿಗೂ ಸುಲಭವಾಗಿ ಕಾಣುವುದಿಲ್ಲ. ಇಷ್ಟರಿಂದಲೇ ಅರ್ಧ ಬಿಗುವು ಸಡಿಲವಾಗುತ್ತದೆ.

ಮೊದಲ 15 ನಿಮಿಷ ಮಕ್ಕಳದ್ದು ಮಾತ್ರ. ಅಮ್ಮಂದಿರು ಕೇಳಿಸಿಕೊಳ್ಳಬೇಕು, ತಲೆಯಾಡಿಸುವುದನ್ನೂ ಕಡಿಮೆ ಮಾಡಬೇಕು. ಆಮೇಲೆ ಕನಿಷ್ಠ ಇಬ್ಬರು ಹುಡುಗಿಯರು ಮಾತಾಡಿದ ಮೇಲಷ್ಟೇ ಒಬ್ಬ ತಾಯಿಯ ಸರದಿ. ಸ್ವಂತ ಮಗಳ ಮಾತನ್ನು ತಿದ್ದುವ ಹಾಗಿಲ್ಲ, ಪೂರ್ತಿ ಮಾಡುವ ಹಾಗೂ ಇಲ್ಲ. “ಮನೇಲಿ ನಂಗೆ ಹೇಳಿದ್ಯಲ್ಲ, ಅದನ್ನ ಇಲ್ಲೂ ಹೇಳು” ಎಂಬ ಒಂದು ಮಾತು ಸಾಕು, ಆ ಹುಡುಗಿ ಅಂದಿನ ಮಟ್ಟಿಗೆ ಮುಚ್ಚಿಕೊಂಡುಬಿಡುತ್ತಾಳೆ. ಅಮ್ಮನಿಗೆ ನಂಬಿ ಹೇಳಿದ್ದು ಹತ್ತು ಜನರ ಎದುರು ಬಂತಲ್ಲ ಎಂದು ಅವಳಿಗೆ ಅನ್ನಿಸುವುದು ಸಹಜ. ಮಕ್ಕಳ ಅಂಕ, ಅಕ್ಷರ, ಶಾಲೆಯ ಸುದ್ದಿಗಳಿಗೂ ಆ ಹೊತ್ತಿನಲ್ಲಿ ಪ್ರವೇಶ ಬೇಡ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಕಲಿಯಿರಿ. ತರಗತಿಗಳಲ್ಲಿ ಟೀಚರುಗಳು ಪ್ರಶ್ನೆಯ ನಂತರ ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು ಕಾದು ಮುಂದಿನವರತ್ತ ಹೊರಳುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ದಾಖಲಿಸಿದರು. ಆ ಕಾಯುವಿಕೆಯನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಚಾಚಿದಾಗ ಮಕ್ಕಳ ಉತ್ತರಗಳು ಉದ್ದವಾದವು, “ಗೊತ್ತಿಲ್ಲ” ಎನ್ನುವುದು ಕಡಿಮೆಯಾಯಿತು, ಕೇಳದೆಯೇ ಮಾತಾಡುವವರು ಹೆಚ್ಚಿದರು. ನೀವು ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ನಿಶ್ಶಬ್ದ ನಿಮಗೆ ಹಿಂಸೆ ಅನ್ನಿಸಬಹುದು, ಮಕ್ಕಳಿಗೆ ಅದು ಯೋಚಿಸುವ ಸಮಯ.

ಇನ್ನು ಪ್ರಶ್ನೆಗಳ ವಿಚಾರ. “ಅವಳು ಊರು ಬಿಟ್ಟು ಎಲ್ಲಿಗೆ ಹೋದಳು?” ಎಂಬುದು ಪರೀಕ್ಷೆಯ ಪ್ರಶ್ನೆ, ಒಂದು ಉತ್ತರಕ್ಕೆ ಮುಗಿಯುತ್ತದೆ. “ನಿನಗೆ ಯಾಕೆ ಇಷ್ಟವಾಯಿತು?” ಎಂಬುದು ನೋಡಲು ಚೆನ್ನಾಗಿದ್ದರೂ ವಿಚಾರಣೆಯ ಧ್ವನಿ ಅದರಲ್ಲಿದೆ. ಮಕ್ಕಳ ಜೊತೆ ಪುಸ್ತಕ ಮಾತಾಡುವ ಬಗೆಯ ಬಗ್ಗೆ ಬಹಳ ಕೆಲಸ ಮಾಡಿದ ಇಂಗ್ಲೆಂಡಿನ ಏಡನ್ ಚೇಂಬರ್ಸ್, “ಯಾಕೆ” ಎನ್ನುವುದನ್ನು ಬಿಟ್ಟು “ಅದರ ಬಗ್ಗೆ ಹೇಳು” ಎಂದು ಕೇಳುವಂತೆ ಸೂಚಿಸಿದ್ದು ಇದೇ ಕಾರಣಕ್ಕೆ. ಅವರು ಮುಂದಿಟ್ಟ ನಾಲ್ಕು ಎಳೆಗಳು ನಿಮ್ಮ ವಯಸ್ಸಿನ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿವೆ: ಇಷ್ಟವಾದದ್ದು, ಇಷ್ಟವಾಗದ್ದು, ಅರ್ಥವಾಗದೆ ತಲೆ ತಿಂದದ್ದು, ಮತ್ತೆ ಮತ್ತೆ ಬಂದು ಒಂದಕ್ಕೊಂದು ಹೊಂದಿಕೊಂಡದ್ದು. ಓದುವಾಗಲೇ ಪ್ರತಿ ಹುಡುಗಿ ಮೂರು ಚೀಟಿಗಳನ್ನು ಪುಟಗಳ ನಡುವೆ ಇಟ್ಟುಕೊಂಡು ಬರಲಿ. ಕೈಯಲ್ಲಿ ಪುಟ ಇದ್ದರೆ ನಾಚಿಕೆಯ ಹುಡುಗಿಗೂ ಮಾತು ಶುರು ಮಾಡಲು ಒಂದು ಆಸರೆ ಸಿಗುತ್ತದೆ. ಬೇರೇನೂ ಹೊಳೆಯದಿದ್ದರೆ ಆ ಸಾಲನ್ನು ಓದಿ ಸುಮ್ಮನಾದರೂ ಸಾಕು.

ಪ್ರತಿ ಸಲ ಒಂದು ಜೋಡಿ ನಡೆಸಿಕೊಡಲಿ. ಆರು ಪ್ರಶ್ನೆ ಸಿದ್ಧವಿದ್ದರೆ ಹೆಚ್ಚಾಯಿತು, ಸಾಮಾನ್ಯವಾಗಿ ಮೂರರಲ್ಲೇ ಹೊತ್ತು ಹೋಗುತ್ತದೆ. ಕೇಳುವವಳು ಮಗಳು, ಗಡಿಯಾರ ನೋಡುವವಳು ಅಮ್ಮ. ಚರ್ಚೆ 60 ನಿಮಿಷ ಮೀರಬಾರದು, ಆಮೇಲಿನ ಅರ್ಧ ಗಂಟೆ ಮಕ್ಕಳನ್ನು ಅವರಷ್ಟಕ್ಕೆ ಬಿಡಿ. ಅವರು ಮುಂದಿನ ತಿಂಗಳೂ ಬರುವುದು ಬಹಳ ಮಟ್ಟಿಗೆ ಆ ಅರ್ಧ ಗಂಟೆಗಾಗಿ, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ.

ಮುಗಿಸದೆ ಬರುವ ಇಬ್ಬರ ಬಗ್ಗೆ. ಬೈಯುವ ಮೊದಲು ಪುಸ್ತಕ ಅವರ ಕೈಗೆ ಎಂದು ಸಿಕ್ಕಿತು ಎಂದು ಕೇಳಿ. ಒಂದೇ ಪ್ರತಿಯನ್ನು ಅಮ್ಮ–ಮಗಳು ಹಂಚಿಕೊಳ್ಳುವ ಮನೆಯಲ್ಲಿ ಮಗಳಿಗೆ ಉಳಿಯುವುದು ಕೊನೆಯ ವಾರ. 180 ಪುಟದ ಪುಸ್ತಕಕ್ಕೆ ದಿನಕ್ಕೆ 10 ಪುಟದಂತೆ 18 ದಿನ ಬೇಕು. ಪರೀಕ್ಷೆ, ಜ್ವರ, ನೆಂಟರು ಎಂದು ಒಂದು ವಾರ ಕೈಬಿಟ್ಟರೂ ತಿಂಗಳಲ್ಲಿ ಮುಗಿಯುತ್ತದೆ. 250 ಪುಟ ದಾಟಿದರೆ ಆರು ವಾರ ಕೊಡಿ. ಪ್ರತಿ ಸಿಕ್ಕಿಯೂ ಮುಗಿಯುತ್ತಿಲ್ಲವಾದರೆ ಓದೇ ಕಷ್ಟವಿರಬಹುದು. ಯಾವುದಾದರೂ ಒಂದು ಪುಟ ತೆಗೆದು ಅವಳು ಓದಲಿ, ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಮಡಚಲಿ. ಐದೂ ಮಡಚಿದರೆ ಒಬ್ಬಳೇ ಓದಲು ಆ ಪುಸ್ತಕ ಭಾರವೇ. ಆಗ ಒಂದು ಅಧ್ಯಾಯ ಅಮ್ಮ, ಒಂದು ಮಗಳು ಎಂದು ಗಟ್ಟಿಯಾಗಿ ಓದಿಕೊಳ್ಳಬಹುದು, ಆಡಿಯೊ ಇದ್ದರೆ ಕೇಳಬಹುದು. ಕೇಳಿದ್ದೂ ಓದಿದ ಹಾಗೆಯೇ ಎಂದು ಎಲ್ಲರೆದುರು ಒಪ್ಪಿಕೊಂಡುಬಿಡಿ. ಅರ್ಧ ಓದಿದವಳೂ ಬರಲಿ. ಅವಳಿಗಾಗಿ ಕೊನೆಯನ್ನು ಮುಚ್ಚಿಡುವುದು ಬೇಡ, ಕೊನೆಯ ಮಾತು ಎತ್ತುವ ಮುಂಚೆ “ಮುಂದೆ ಏನಾಗಬಹುದು ಅನ್ನಿಸುತ್ತೆ?” ಎಂದು ಅವಳನ್ನು ಕೇಳಿ. ಓದಿ ಮುಗಿಸಿದವರಿಗೂ ಆ ಊಹೆ ಕುತೂಹಲ ಹುಟ್ಟಿಸುತ್ತದೆ.

ಆಯ್ಕೆಯ ಜಗಳಕ್ಕೆ ಒಂದು ನಿಯಮ ಸಾಕು. ನಡೆಸಿಕೊಡುವ ಜೋಡಿ ಮೂರು ಹೆಸರು ತರಲಿ, ಅವುಗಳಲ್ಲಿ ಒಂದನ್ನು ಮಕ್ಕಳೇ ಆರಿಸಲಿ. ತಾಯಂದಿರ ಆಕ್ಷೇಪ ಆ ಮೂರು ಹೆಸರು ಮಕ್ಕಳ ಮುಂದೆ ಬರುವ ಮುಂಚೆ ಮಾತ್ರ. ಮಕ್ಕಳು ಆರಿಸಿದ ಮೇಲೆ ಬೇಡ ಎಂದರೆ, ಆರಿಸುವ ಹಕ್ಕು ಸುಳ್ಳು ಎಂದು ಅವರಿಗೆ ತಿಳಿದುಹೋಗುತ್ತದೆ. ನಿಮ್ಮ ಕಾದಂಬರಿಯ ವಿಷಯದಲ್ಲಿ ಈಗ ಆಗುತ್ತಿರುವುದು ಅದೇ.

ಆದ್ದರಿಂದ ಓದಿಸಿ. ಹತ್ತು–ಹನ್ನೊಂದರ ಮಕ್ಕಳಿಗೆ ಸಾವು ಗೊತ್ತಿಲ್ಲದ ವಿಷಯವೇನಲ್ಲ, ಅದರ ಬಗ್ಗೆ ಮಾತಾಡಲು ಜಾಗ ಇಲ್ಲದಿರುವುದೇ ಕಷ್ಟ. ಆದರೆ ಆರೂ ತಾಯಂದಿರು ಮೊದಲೇ ಕೊನೆಯವರೆಗೆ ಓದಿರಬೇಕು. ಯಾರ ಮನೆಯಲ್ಲಾದರೂ ಇತ್ತೀಚೆಗೆ ಸಾವಾಗಿದ್ದರೆ ಆ ತಾಯಿಯ ಮಾತೇ ಕೊನೆ. ಅವರು ಬೇಡವೆಂದರೆ, ಕಾರಣ ಯಾರದೆಂದು ಮಕ್ಕಳಿಗೆ ಹೇಳದೆ ಮುಂದೂಡಿ. ಉಳಿದಂತೆ, ಈ ಕಥೆಯಲ್ಲಿ ಒಂದು ಸಾವು ಬರುತ್ತದೆ ಎಂದು ಮಕ್ಕಳಿಗೆ ಮುಂಚೆಯೇ ತಿಳಿಸಿ. ಯಾರದು ಎನ್ನುವುದು ಬೇಕಾಗಿಲ್ಲ. ಆ ಅಧ್ಯಾಯವನ್ನು ರಾತ್ರಿ ಮಲಗುವ ಹೊತ್ತಿಗೆ ಒಬ್ಬಳೇ ಓದದೆ, ಹಗಲಿನಲ್ಲಿ ಅಮ್ಮನ ಜೊತೆ ಓದಲಿ. ಕೂಟದಲ್ಲಿ “ನಿನಗೇ ಹೀಗಾಗಿದ್ದರೆ?” ಎಂದು ಯಾರೂ ಕೇಳಬಾರದು. ಅಕ್ಕ ಆಮೇಲೆ ಏನು ಮಾಡಿದಳು, ಮನೆಯವರಲ್ಲಿ ಯಾರು ಅತ್ತರು, ಯಾರು ಅಳಲಿಲ್ಲ ಎಂದು ಪಾತ್ರಗಳ ಮಟ್ಟದಲ್ಲೇ ಮಾತಿರಲಿ. ತನ್ನ ಮನೆಯದನ್ನು ಹೇಳಬೇಕೆನಿಸಿದ ಹುಡುಗಿ ತಾನಾಗಿಯೇ ಹೇಳುತ್ತಾಳೆ. ಹೇಳಲು ಮನಸ್ಸಿಲ್ಲದವಳು “ಪಾಸ್” ಎಂದರೆ ಮುಂದಿನವರ ಸರದಿ, ಕಾರಣ ಕೇಳುವಂತಿಲ್ಲ. ಇಂಥ ಪುಸ್ತಕದ ನಿಜವಾದ ಪ್ರಶ್ನೆಗಳು ಎಷ್ಟೋ ಸಲ ಎರಡು–ಮೂರು ದಿನ ಬಿಟ್ಟು ಮನೆಯಲ್ಲಿ ಬರುತ್ತವೆ. ಆ ವಾರ ಸಂಜೆಗಳನ್ನು ಸ್ವಲ್ಪ ಬಿಡುವಾಗಿ ಇಟ್ಟುಕೊಳ್ಳಿ.