ಚಾಂಡ್ಲರ್‌ನ ಚಾರ್ಟರ್ ಶಾಲೆಗಳು: ಯಾವುದನ್ನು ಆರಿಸಲಿ?

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ನಾವು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ಗೆ ಬಂದು ನೆಲೆಸಿದ್ದೇವೆ. ಮಗಳು ಮುಂದಿನ ವರ್ಷ ಆರನೇ ತರಗತಿ. ಪರಿಚಯದವರೆಲ್ಲ ಬೇಸಿಸ್, ಗ್ರೇಟ್ ಹಾರ್ಟ್ಸ್ ಎಂಬ ಚಾರ್ಟರ್ ಶಾಲೆಗಳ ಹೆಸರು ಹೇಳುತ್ತಾರೆ. ಇವನ್ನು ಹೋಲಿಸುವುದು ಹೇಗೆ? ರ‍್ಯಾಂಕ್ ಪಟ್ಟಿಗಳನ್ನು ನಂಬಬಹುದೇ?
— ಓದುಗರೊಬ್ಬರು, ಚಾಂಡ್ಲರ್

ಉತ್ತರ: ಚಾರ್ಟರ್ ಶಾಲೆಯೆಂದರೆ ಹೆಚ್ಚುಕಡಿಮೆ ನಮ್ಮ ಅನುದಾನಿತ ಶಾಲೆಯಿದ್ದಂತೆ: ಹಣ ಸರ್ಕಾರದ್ದು, ಆಡಳಿತ ಖಾಸಗಿಯವರದು. ಬೋಧನಾ ಶುಲ್ಕವಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಅರಿಜೋನಾದಲ್ಲಿ ಇದಕ್ಕೆ 1994ರಲ್ಲೇ ಕಾನೂನು ಬಂತು.

ರ‍್ಯಾಂಕ್ ಪಟ್ಟಿಯನ್ನು ನೋಡಿ, ಆದರೆ ಅದರಿಂದಲೇ ತೀರ್ಮಾನಿಸಬೇಡಿ. ಯು.ಎಸ್. ನ್ಯೂಸ್ ಎಂಬ ಮಾಧ್ಯಮ ಸಂಸ್ಥೆಯ 2018ರ ಪಟ್ಟಿಯಲ್ಲಿ ದೇಶದ ಸಾರ್ವಜನಿಕ ಪ್ರೌಢಶಾಲೆಗಳ ಪೈಕಿ ಮೊದಲ ಐದೂ ಸ್ಥಾನಗಳು ಅರಿಜೋನಾದ ಬೇಸಿಸ್ ಶಾಲೆಗಳಿಗೇ ಸಂದವು. ಚಾಂಡ್ಲರ್ ಶಾಖೆ ಎರಡನೆಯದು. ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಿಗೆ ಆ ಪಟ್ಟಿ ಬಹಳ ತೂಕ ಕೊಡುತ್ತಿತ್ತು, ಬೇಸಿಸ್‌ನಲ್ಲಿ ಆ ಪರೀಕ್ಷೆಗಳು ಕಡ್ಡಾಯ. ಅಲ್ಲಿ ಆರನೇ ತರಗತಿಯಿಂದಲೇ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಬೇರೆಬೇರೆಯಾಗಿ ಕಲಿಸುತ್ತಾರೆ, ವರ್ಷಾಂತ್ಯದ ಸಮಗ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಮುಂದಿನ ತರಗತಿ. ಈ ವೇಗ ಒಗ್ಗದ ಮಕ್ಕಳು ನಡುವೆಯೇ ಶಾಲೆ ಬಿಡುತ್ತಾರೆ. ಪಟ್ಟಿಯಲ್ಲಿ ಕಾಣುವುದು ಕೊನೆಯವರೆಗೆ ಉಳಿದವರ ಸಾಧನೆ ಮಾತ್ರ. ಆದ್ದರಿಂದ ರಾಜ್ಯ ಶಿಕ್ಷಣ ಇಲಾಖೆ ಪ್ರಕಟಿಸುವ ಅಕ್ಟೋಬರ್ 1ರ ದಾಖಲಾತಿ ಪಟ್ಟಿಯನ್ನು ತೆರೆದು, ಒಂದು ವರ್ಷ ಆರನೇ ತರಗತಿಯಲ್ಲಿದ್ದ ಮಕ್ಕಳ ಸಂಖ್ಯೆಯನ್ನೂ ಆರು ವರ್ಷಗಳ ನಂತರ ಅದೇ ಶಾಲೆಯ ಹನ್ನೆರಡನೇ ತರಗತಿಯಲ್ಲಿದ್ದವರ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನ್ನ ಮಟ್ಟಿಗೆ ಯಾವ ರ‍್ಯಾಂಕಿಗಿಂತಲೂ ಇದು ಹೆಚ್ಚು ತಿಳಿಸುತ್ತದೆ.

ಗ್ರೇಟ್ ಹಾರ್ಟ್ಸ್‌ನವರ ಚಾಂಡ್ಲರ್ ಪ್ರೆಪ್‌ನ ದಾರಿಯೇ ಬೇರೆ. ಲ್ಯಾಟಿನ್, ಸಮವಸ್ತ್ರ, ಹಳೆಯ ಮೇರುಕೃತಿಗಳ ಓದು, ಅವುಗಳ ಮೇಲೆ ದೀರ್ಘ ಚರ್ಚೆ. ಓದುವುದರಲ್ಲಿ, ವಾದ ಮಾಡುವುದರಲ್ಲಿ ಆಸಕ್ತಿಯಿರುವ ಹುಡುಗಿಗೆ ಇದು ಹಿಡಿಸಬಹುದು. ಅಪ್ಪ ಅಮ್ಮನಿಗೆ ಎಂಜಿನಿಯರಿಂಗ್ ಒಂದೇ ಕಣ್ಣಿಗೆ ಬೀಳುತ್ತಿದ್ದರೆ ಮನೆಯಲ್ಲೇ ಜಗಳವಾದೀತು!

ಬಸ್ಸಿನ ವಿಚಾರವನ್ನು ಮೊದಲೇ ಕೇಳಿಕೊಳ್ಳಿ. ಅರಿಜೋನಾದಲ್ಲಿ ಚಾರ್ಟರ್ ಶಾಲೆಗಳು ವಾಹನ ಒದಗಿಸಲೇಬೇಕೆಂಬ ನಿಯಮವಿಲ್ಲ, ಹಾಗಾಗಿ ದಿನಕ್ಕೆ ಎರಡು ಹೊತ್ತು ಕಾರಿನ ಸಾಲಿನಲ್ಲಿ ಕಾಯುವವರು ಯಾರೆಂಬುದು ಮನೆಯಲ್ಲೇ ಇತ್ಯರ್ಥವಾಗಬೇಕು. ಬೇಸಿಸ್ ಶಿಕ್ಷಕರ ನಿಧಿಗೆಂದು ಪೋಷಕರಿಂದ ದೇಣಿಗೆ ಕೋರುತ್ತದೆ, ಅದು ಕಡ್ಡಾಯವಲ್ಲ.

ಜಿಲ್ಲಾ ಶಾಲೆಗಳನ್ನು, ಅಂದರೆ ಸ್ಥಳೀಯ ಶಾಲಾ ಜಿಲ್ಲೆಯೇ ನಡೆಸುವ ಸಾಮಾನ್ಯ ಸರ್ಕಾರಿ ಶಾಲೆಗಳನ್ನು, ಎರಡನೇ ದರ್ಜೆಯವೆಂದು ಬದಿಗಿಡಬೇಡಿ. ಚಾಂಡ್ಲರ್ ಯುನಿಫೈಡ್ ಎಂಬ ಶಾಲಾ ಜಿಲ್ಲೆಯ ಹ್ಯಾಮಿಲ್ಟನ್ ಪ್ರೌಢಶಾಲೆ ಹೆಸರುವಾಸಿಯಾದದ್ದು, ಎಪಿ ತರಗತಿಗಳು ಅಲ್ಲಿಯೂ ಇವೆ. ಎರಡೂ ಚಾರ್ಟರ್ ಶಾಲೆಗಳಿಗೆ ಅರ್ಜಿ ಹಾಕಿ, ಮಗಳನ್ನು ಕರೆದುಕೊಂಡು ಹೋಗಿ ತರಗತಿ ನಡೆಯುವಾಗಲೇ ನೋಡಿ ಬನ್ನಿ. ಲಾಟರಿಯಲ್ಲಿ ಹೆಸರು ಬಾರದಿದ್ದರೂ ನಿಮ್ಮ ವಿಳಾಸಕ್ಕೆ ಸೇರಿದ ಜಿಲ್ಲಾ ಶಾಲೆಯಲ್ಲಿ ಅವಳಿಗೆ ಸೀಟು ಇದ್ದೇ ಇರುತ್ತದೆ.